ಅತ್ತಿಗೆ ಸೋಲುತ್ತಿದ್ದ ಆಟ

ಅಣ್ಣನ ಮದುವೆಯಾಗಿ ಮೂರು ತಿಂಗಳು ಕಳೆದರೂ ಅತ್ತಿಗೆಗೆ ಏನು ಇಷ್ಟ, ಏನು ಇಷ್ಟವಿಲ್ಲ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಕಾಫಿಯೋ ಟೀಯೋ ಎಂದು ಕೇಳಿದರೆ "ಯಾವುದಾದ್ರೂ ಆಗ್ಲಿ" ಎನ್ನುತ್ತಿದ್ದರು. ಹಸಿರು ಸೀರೆಯೋ ನೀಲಿಯೋ ಎಂದರೆ ಅದಕ್ಕೂ ಆಗ್ಲಿ. ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೀಯಾ ಎಂದು ಅಮ್ಮ ಕೇಳಿದಾಗಲೂ ಅದೇ ಉತ್ತರ, ಬೇಡ, ಮುಂದಿನ ತಿಂಗಳು ಹೋದರಾಯಿತು ಎಂದಾಗಲೂ ಅದೇ. ಮುಖದ ಮೇಲೆ ಸಣ್ಣದೊಂದು ನಗು ಸದಾ ಇರುತ್ತಿತ್ತು. ಆ ನಗುವಿನಿಂದ ಏನೂ ತಿಳಿಯುತ್ತಿರಲಿಲ್ಲ.

ಅವರು ಗೌನಿಪಲ್ಲಿಯವರು. ಮನೆಗೆ ಹೊಂದಿಕೊಂಡೇ ಮಾವಿನ ತೋಪು, ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ನಾವು ಮುಳಬಾಗಿಲಿನವರು. ತೆಲುಗು ನಮಗೂ ಬರುತ್ತಿದ್ದುದರಿಂದ ಭಾಷೆಯ ತೊಡಕೇನೂ ಇರಲಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಣ್ಣ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಟಿವಿ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದ. ನಾನು ಪಿಯುಸಿ ಮೊದಲ ವರ್ಷದಲ್ಲಿದ್ದೆ. ಬೆಳಗಿನ ಕಾಲೇಜು ಮುಗಿಸಿ ಮಧ್ಯಾಹ್ನ ಒಂದಕ್ಕೆಲ್ಲ ಮನೆಗೆ ಬಂದುಬಿಡುತ್ತಿದ್ದೆ. ಸೊಸೆಯ ಮೌನ ಅಮ್ಮನಿಗೆ ದೊಡ್ಡ ಚಿಂತೆಯಾಗಿತ್ತು. ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು, "ಅವಳ ಮನಸ್ಸಲ್ಲಿ ಏನಿದೆ ಅಂತ ಸ್ವಲ್ಪ ತಿಳ್ಕೊಳೇ. ನಮ್ಮನೆ ಹಿಡಿಸ್ತೋ ಇಲ್ವೋ, ಅದೂ ಗೊತ್ತಾಗ್ತಿಲ್ಲ," ಎಂದಳು. ನಾನು ಒಪ್ಪಿಕೊಂಡೆ. ಹೇಗೆ ತಿಳಿದುಕೊಳ್ಳುವುದು ಎನ್ನುವುದು ಮಾತ್ರ ನನಗೂ ಗೊತ್ತಿರಲಿಲ್ಲ.

ಅದೇ ವಾರ ಅಣ್ಣ ಮನೆಗೆ ಟಿವಿ ಗೇಮ್ ತಂದ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಮಾಲೂರಿನಲ್ಲಿ ಅವನ ಹಾಗೆಯೇ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯನೊಬ್ಬನಿದ್ದ. ಅವನ ಹತ್ತಿರ ಎರಡಿದ್ದವಂತೆ, ಒಂದನ್ನು ಇವನಿಗೆ ಕೊಟ್ಟಿದ್ದ. ಬೂದು ಬಣ್ಣದ ಪ್ಲಾಸ್ಟಿಕ್ ಡಬ್ಬ, ಮೇಲೆ ಕ್ಯಾಸೆಟ್ ಸಿಕ್ಕಿಸುವ ಬಾಯಿ, ಉದ್ದ ತಂತಿಯ ಎರಡು ರಿಮೋಟು. ಕ್ಯಾಸೆಟ್ಟಿನ ತಳಕ್ಕೆ ಜೋರಾಗಿ ಊದಿ ಹಾಕಿದರೆ ಮಾತ್ರ ಟಿವಿಯಲ್ಲಿ ಚಿತ್ರ ಬರುತ್ತಿತ್ತು. ಅದರಲ್ಲಿ ಕಾರು ಓಡಿಸುವುದು, ಇಟ್ಟಿಗೆ ಒಡೆಯುವುದು ಎಲ್ಲ ಇದ್ದವು. ನಮ್ಮ ಮನೆಯಲ್ಲಿ ನಿಂತ ಆಟ ಮಾತ್ರ ಒಂದೇ, ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟ. ಒಂದು ಬಟನ್ನಿಗೆ ಗುದ್ದು, ಇನ್ನೊಂದಕ್ಕೆ ಒದೆ. ಹಿಂದಕ್ಕೆ ಒತ್ತಿ ಹಿಡಿದರೆ ಏಟು ತಡೆಯಬಹುದು, ಮೇಲಕ್ಕೆ ಒತ್ತಿದರೆ ಹಾರಬಹುದು. ಮೂರರಲ್ಲಿ ಎರಡು ರೌಂಡು ಗೆದ್ದವರು ಗೆದ್ದಂತೆ.

ಮೊದಲು ಕೆಲವು ದಿನ ಮಧ್ಯಾಹ್ನದ ಹೊತ್ತು ನಾನೊಬ್ಬಳೇ ಯಂತ್ರದ ಎದುರು ಆಡಿದೆ. ಯಂತ್ರಕ್ಕೆ ಮೂರೋ ನಾಲ್ಕೋ ಪಟ್ಟು ಮಾತ್ರ ಗೊತ್ತು. ಅವನ್ನು ಬಾಯಿಪಾಠ ಮಾಡಿದ ಮೇಲೆ ಅದನ್ನು ಸೋಲಿಸುವುದರಲ್ಲಿ ಏನೂ ಉಳಿಯಲಿಲ್ಲ. ಅತ್ತಿಗೆ ಅಲ್ಲೇ ಕಂಬಕ್ಕೆ ಒರಗಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ನೀವೂ ಬನ್ನಿ ಎಂದು ಕರೆದೆ. ಆಗ್ಲಿ ಎಂದು ಮೊರ ಪಕ್ಕಕ್ಕಿಟ್ಟು ಬಂದು ಕೂತರು. ಯಾವ ಆಳು ಬೇಕು ಎಂದು ಕೇಳಿದೆ. ಯಾರಾದ್ರೂ ಆಗ್ಲಿ ಎಂದರು. ಕೊನೆಗೆ ನಾವು ಯಾರೂ ಮುಟ್ಟದ ಒಬ್ಬನನ್ನು, ದೊಡ್ಡ ಹೊಟ್ಟೆಯ, ನಿಧಾನವಾಗಿ ನಡೆಯುವ ಡುಮ್ಮನನ್ನು ತೆಗೆದುಕೊಂಡರು.

ಮೊದಲನೇ ವಾರ ಒಂದು ಆಟವನ್ನೂ ಅವರು ಗೆಲ್ಲಲಿಲ್ಲ. ಡುಮ್ಮ ಎರಡು ಹೆಜ್ಜೆ ಇಡುವುದರೊಳಗೆ ನನ್ನವನು ಹಾರಿ ಬಂದು ನಾಲ್ಕು ಬಾರಿಸಿರುತ್ತಿದ್ದ. ನನಗೇ ಪಾಪ ಅನ್ನಿಸಿ ಸುಲಭ ಮಾಡಿ ಆಡಲೇ ಎಂದು ಕೇಳಿದೆ. ಬೇಡ, ನಿನ್ನ ಪಾಡಿಗೆ ನೀನು ಆಡು ಎಂದರು. ಎರಡನೇ ವಾರ ಸೋಮವಾರ ಒಂದು ಆಟ ಸೋತೆ. ಮಂಗಳವಾರ ಮೂರು. ಗುರುವಾರ ಬರುವ ಹೊತ್ತಿಗೆ ನನಗೆ ಒಂದೂ ದಕ್ಕಲಿಲ್ಲ. ನಾನು ಏನು ಮಾಡಲಿದ್ದೇನೆ ಎನ್ನುವುದು ನನಗಿಂತ ಮೊದಲು ಆ ಡುಮ್ಮನಿಗೆ ಗೊತ್ತಿರುತ್ತಿತ್ತು. ಹಾರಿದರೆ ಇಳಿಯುವ ಜಾಗದಲ್ಲಿ ಅವನ ಕಾಲು ಆಗಲೇ ಚಾಚಿರುತ್ತಿತ್ತು. ಬಗ್ಗಿದರೆ ಅವನೂ ಬಗ್ಗಿರುತ್ತಿದ್ದ. ಸಿಟ್ಟು ಬಂದು ರಿಮೋಟ್ ಕೆಳಗಿಟ್ಟು, ಇದು ಹೇಗೆ ಸಾಧ್ಯ ಎಂದು ಕೇಳಿಯೇಬಿಟ್ಟೆ.

ಅವರು ಸ್ವಲ್ಪ ಹೊತ್ತು ಹೇಳಲೋ ಬೇಡವೋ ಎಂದು ನೋಡಿದರು. ಆಮೇಲೆ ಹೇಳಿದರು, "ನೀನು ಬಿದ್ದು ಎದ್ದ ತಕ್ಷಣ ಒದೀತೀಯ. ಪ್ರತಿಸಲಾನೂ. ನಾನು ತಡೆದು ನಿಂತ್ರೆ ಸಾಕು."

ನಾನು ಹಾಗೆ ಮಾಡುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ. ಮತ್ತೆ ಆಡಿ ನೋಡಿದೆ. ಬಿದ್ದೆ, ಎದ್ದೆ, ಬೆರಳು ತಾನಾಗಿ ಒದೆಯ ಬಟನ್ನಿಗೆ ಹೋಯಿತು. ಇಬ್ಬರೂ ನಕ್ಕೆವು. ಅತ್ತಿಗೆ ನಮ್ಮ ಮನೆಯಲ್ಲಿ ಸದ್ದು ಮಾಡಿ ನಕ್ಕದ್ದು ಅದೇ ಮೊದಲು. ಅಡುಗೆಮನೆಯಿಂದ ಅಮ್ಮ ಇಣುಕಿ ನೋಡಿ ಒಳಗೆ ಹೋದಳು.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಕೋತಿಗಳ ಕಥೆ ಬಂತು. ಮಾವು ಬಲಿಯುವ ಕಾಲಕ್ಕೆ ಅವರ ತೋಪಿಗೆ ಕೋತಿಗಳ ಹಿಂಡು ಇಳಿಯುತ್ತಿತ್ತಂತೆ. ಶಾಲೆಗೆ ರಜೆ ಇರುವಾಗ ಕಾವಲು ಇವರದೇ. ಒಂದು ಕೋತಿ ಎದುರಿಗೆ ಕೂತು ದುರುಗುಟ್ಟಿಕೊಂಡು ನೋಡುತ್ತಿರುತ್ತದೆ. ಹೊಸಬರು ಅದನ್ನೇ ಓಡಿಸಲು ಹೋಗುತ್ತಾರೆ. "ನಮ್ಮನ್ನ ನೋಡ್ತಾ ಕೂತಿರೋದು ಕಾಯಿ ಕೀಳಲ್ಲ. ಬೇರೆ ಕಡೆ ನೋಡ್ತಾ ಇರತ್ತಲ್ಲ, ಅದು ಕೀಳೋದು," ಎಂದರು. ಕಲ್ಲು ಬೀರುವುದಾದರೂ ಕೋತಿ ಇರುವ ಕೊಂಬೆಗಲ್ಲ, ಅದು ಹಾರಿ ಹೋಗಿ ಕೂರುವ ಕೊಂಬೆಗೆ. ಯಾವ ಕೊಂಬೆ ಎಂದು ತಿಳಿಯಬೇಕಾದರೆ ನಾಲ್ಕು ದಿನ ಸುಮ್ಮನೆ ಕೂತು ನೋಡಬೇಕು. ಮೊದಲನೇ ವಾರ ಅವರು ಸೋಲುತ್ತಾ ಕೂತಿದ್ದುದು ಅದಕ್ಕೇ ಎಂದು ಆಗ ನನಗೆ ಅರ್ಥವಾಯಿತು. ನಾನು ಟಿವಿಯಲ್ಲಿ ನನ್ನ ಆಳನ್ನು ನೋಡುತ್ತಿದ್ದೆ. ಅವರು ನನ್ನನ್ನು ನೋಡುತ್ತಿದ್ದರು.

ಅವತ್ತಿನಿಂದ ನಾನೂ ಅವರನ್ನು ನೋಡಲು ಶುರುಮಾಡಿದೆ. ಮುಖದಲ್ಲಿ ಏನೂ ಸಿಗಲಿಲ್ಲ, ಅದೇ ಸಣ್ಣ ನಗು. ಕಣ್ಣಿನಲ್ಲೂ ಸಿಗಲಿಲ್ಲ. ಹತ್ತು ಹನ್ನೆರಡು ದಿನ ಸೋತ ಮೇಲೆ ಒಂದು ಮಧ್ಯಾಹ್ನ ಸಿಕ್ಕಿತು, ಅದೂ ಕಿವಿಗೆ. ಅತ್ತಿಗೆ ಎರಡು ಕೈಗೂ ಗಾಜಿನ ಬಳೆ ತುಂಬಾ ತೊಡುತ್ತಿದ್ದರು. ಸುಮ್ಮನೆ ಹಿಂದೆ ಮುಂದೆ ನಡೆದಾಡಿಸುವಾಗ, ಕಾಟಾಚಾರಕ್ಕೆ ಒಂದು ಗುದ್ದು ಬೀಸುವಾಗ ಆ ಬಳೆಗಳು ಗಲಗಲ ಎನ್ನುತ್ತಲೇ ಇರುತ್ತಿದ್ದವು. ನಿಜವಾದ ಏಟು ಬರುವುದಕ್ಕೆ ಅರೆಕ್ಷಣ ಮೊದಲು ಅವು ನಿಂತುಬಿಡುತ್ತಿದ್ದವು. ಮನಸ್ಸಿಟ್ಟು ಏನನ್ನಾದರೂ ಮಾಡುವ ಮೊದಲು ಅವರು ಒಂದು ಚೂರು ತಡೆಯುತ್ತಿದ್ದರು, ಅಷ್ಟೇ. ನಾನು ಬಳೆ ನಿಂತ ಕೂಡಲೇ ಹಿಂದಕ್ಕೆ ಒತ್ತಿ ತಡೆದೆ, ತಡೆದು ಒದ್ದೆ. ಡುಮ್ಮ ಬಿದ್ದ. ಆವತ್ತು ಐದರಲ್ಲಿ ಮೂರು ಗೆದ್ದೆ. ಹೇಗೆ ಎಂದು ಅತ್ತಿಗೆ ಕೇಳಿದರು. ನಾನು ಹೇಳಲಿಲ್ಲ.

ಇದು ಟಿವಿಯ ಮುಂದಷ್ಟೇ ನಡೆಯುವ ಮಾತಲ್ಲ ಎಂದು ಹೊಳೆದದ್ದು ಆ ಸಂಜೆ ಊಟಕ್ಕೆ ಕೂತಾಗ. ಅಮ್ಮ ಸಾರು ಹಾಕಲೇ ಎಂದಳು. "ಆಗ್ಲಿ" ಎಂದು ಅತ್ತಿಗೆ ತಕ್ಷಣ ಹೇಳಿದರು. ಉಪ್ಪಿನಕಾಯಿ ಎಂದಳು. ಒಂದು ಚೂರು ತಡೆದು, "ಆಗ್ಲಿ" ಎಂದರು. ನಾನು ತುತ್ತು ಕೈಯಲ್ಲೇ ಹಿಡಿದು ಕೂತೆ. ಮಜ್ಜಿಗೆ ಎಂದಾಗ ತಕ್ಷಣ. ಒಣಮೆಣಸಿನ ಚಟ್ನಿ ಎಂದಾಗ ತಡೆದು. ಇಷ್ಟು ತಿಂಗಳು ನಾವೆಲ್ಲ ಕೇಳಿದ್ದ ಆ ಒಂದೇ ಆಗ್ಲಿ ಎರಡು ಬಗೆಯದಾಗಿತ್ತು. ಥಟ್ಟನೆ ಬಂದದ್ದು ಬೇಡ ಎಂದು, ತಡೆದು ಬಂದದ್ದು ಬೇಕು ಎಂದು.

ರಾತ್ರಿ ಪಾತ್ರೆ ತೊಳೆಯುವಾಗ ಅಮ್ಮನಿಗೆ ಹೇಳಿದೆ. ಅವಳು ನಂಬಲಿಲ್ಲ. ಆದರೂ ಮಾರನೇ ದಿನ ಪರೀಕ್ಷೆ ಮಾಡಿಯೇ ಮಾಡಿದಳು. ಸಾರಿಗೆ ಬೆಲ್ಲ ಹಾಕಲೇ ಎಂದು ಕೇಳಿದಳು. ಥಟ್ಟನೆ ಆಗ್ಲಿ. ಅಮ್ಮ ಬೆಲ್ಲದ ಡಬ್ಬಿ ಮುಚ್ಚಿಟ್ಟಳು. ಶ್ರೀನಿವಾಸಪುರದ ಬಸ್ಸಿಗೆ ಭಾನುವಾರ ಹೋಗಿ ನಿಮ್ಮೂರು ನೋಡಿಕೊಂಡು ಬಾ ಎಂದಳು. ಆಗ್ಲಿ ಬರಲು ಬಹಳ ಹೊತ್ತಾಯಿತು. ಅಮ್ಮ ನನ್ನ ಕಡೆ ತಿರುಗಿ ನೋಡಿದಳು. ಭಾನುವಾರ ಅತ್ತಿಗೆಯನ್ನು ಅಣ್ಣ ಗೌನಿಪಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟು ಬಂದ. ನಾಲ್ಕು ದಿನ ಇದ್ದು ಒಂದು ಚೀಲ ಮಾವಿನಕಾಯಿ ಹಪ್ಪಳ ಹೊತ್ತು ಅವರು ವಾಪಸ್ಸು ಬಂದರು. ಮನೆಯ ಸಾರು ಖಾರವಾಗಿದ್ದನ್ನು ಅಪ್ಪ ಗಮನಿಸಿ, ಇತ್ತೀಚೆಗೆ ಕಣ್ಣಲ್ಲಿ ನೀರು ಬರುತ್ತಿದೆಯಲ್ಲ ಎಂದರು. ಅಮ್ಮ ಕನ್ನಡಕ ಬದಲಾಯಿಸಿ ಎಂದಳು.

ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಬಳೆ ಸದ್ದು ನಿಂತಿತು. ನಾನು ತಡೆದೆ. ಏಟೇ ಬರಲಿಲ್ಲ. ಡುಮ್ಮ ಸುಮ್ಮನೆ ನಿಂತಿದ್ದ. ನಾನು ತಡೆಯುವುದನ್ನು ಬಿಟ್ಟ ಗಳಿಗೆಯಲ್ಲಿ, ಬಳೆ ಗಲಗಲ ಎನ್ನುತ್ತಿರುವಾಗಲೇ, ಬಂದು ನನ್ನವನನ್ನು ಎತ್ತಿ ಎಸೆದ. ಅತ್ತಿಗೆ ಟಿವಿಯಿಂದ ಕಣ್ಣು ತೆಗೆಯದೆ, "ಬಳೆ ಕೇಳ್ತಿದ್ದೀಯಲ್ವಾ?" ಎಂದರು. ಆಮೇಲೆ ನಮ್ಮ ಆಟ ಬೇರೆಯೇ ಆಯಿತು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತು, ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತು. ನಿಂತ ಬಳೆ ನಿಜವೋ ಸುಳ್ಳೋ ಎಂದು ಪ್ರತಿಸಲ ಲೆಕ್ಕ ಹಾಕಬೇಕಾಗಿತ್ತು. ಗೆಲುವು ಸೋಲು ಹೆಚ್ಚೂಕಡಿಮೆ ಸಮವಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಹಿಂದೆ ಬಿತ್ತು.

ಸಂಜೆ ಏಳರ ಮೇಲೆ ಅಣ್ಣ ಅಂಗಡಿ ಮುಚ್ಚಿ ಬರುತ್ತಿದ್ದ. ಕೈಕಾಲು ತೊಳೆದು ಅವನೂ ಒಂದೆರಡು ಆಟಕ್ಕೆ ಕೂರುತ್ತಿದ್ದ. ನನ್ನ ಜೊತೆ ಆಡಿದರೆ ಸೋಲುತ್ತಿದ್ದ, ನಾನು ಮೋಸ ಮಾಡುತ್ತೇನೆಂದು ಜಗಳ ತೆಗೆಯುತ್ತಿದ್ದ. ಆಮೇಲೆ ಅತ್ತಿಗೆಯನ್ನು ಕರೆಯುತ್ತಿದ್ದ. ಅವರ ಜೊತೆ ಪ್ರತಿದಿನ ಗೆಲ್ಲುತ್ತಿದ್ದ. ನನ್ನನ್ನು ಸೋಲಿಸುವವರು ನನ್ನ ಕೈಲಿ ಸೋಲುವವನಿಗೆ ಹೇಗೆ ಸೋಲುತ್ತಾರೆ ಎಂದು ಮೊದಲೆರಡು ದಿನ ನಾನೂ ಯೋಚಿಸಲಿಲ್ಲ. ಮೂರನೇ ದಿನ ಹಿಂದೆ ಕೂತು ಕಿವಿಗೊಟ್ಟೆ. ಇಡೀ ಆಟದಲ್ಲಿ ಬಳೆ ಒಂದು ಸಲವೂ ನಿಲ್ಲಲಿಲ್ಲ. ಗಲಗಲ ಗಲಗಲ ಎಂದು ಒಂದೇ ಸಮನೆ ಸದ್ದು. ಒಂದು ಏಟನ್ನೂ ಅವರು ಮನಸ್ಸಿಟ್ಟು ಹೊಡೆಯುತ್ತಿರಲಿಲ್ಲ. ಅಣ್ಣ ಗೆದ್ದು, ಬೇಜಾರು ಮಾಡ್ಕೋಬೇಡ, ಬರ್ತಾ ಬರ್ತಾ ಕಲೀತೀಯ ಎಂದು ಸಮಾಧಾನ ಹೇಳಿದ. ಅತ್ತಿಗೆ ತಲೆಯಾಡಿಸಿದರು.

ಮಾರನೇ ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅದನ್ನು ಎತ್ತಿದೆ. ಬೇಕಂತಲೇ ಸೋಲುತ್ತೀರಿ ಎಂದೆ. "ಏಮೀ ಲೇದು," ಹಾಗೇನಿಲ್ಲ ಎಂದು ಅವರು ಸೀರೆ ಹಿಂಡಿದರು. ಬಳೆ ನಿಲ್ಲಲೇ ಇಲ್ಲವಲ್ಲ ಎಂದೆ. ಆಗ ನಕ್ಕುಬಿಟ್ಟರು.

"ಇಡೀ ದಿನ ಯಾರ್ಯಾರದೋ ಕೆಟ್ಟ ಟಿವಿ ಬಿಚ್ಕೊಂಡು ಕೂತಿರ್ತಾರೆ. ಮನೇಲಿ ಒಂದು ಗೆದ್ರೆ ಏನಾಯ್ತು? ನೀನು ಹೇಳ್ಬೇಡ."

ನನ್ನ ಜೊತೆಯೂ ಹಾಗೆ ಮಾಡಿದ್ದೀರಾ ಎಂದು ಕೇಳಿದೆ. ಕೇಳುವಾಗ ನನಗೆ ಸ್ವಲ್ಪ ಹೆದರಿಕೆಯೂ ಆಗಿತ್ತು. ಇಲ್ಲ ಎಂದರು. ನಿನ್ನನ್ನು ಸೋಲಿಸಲೇಬೇಕು ಅನ್ನಿಸುತ್ತದೆ ಎಂದರು. ಮದುವೆಯಾಗಿ ಬಂದ ಮೇಲೆ ಅವರ ಬಾಯಿಂದ ಕೇಳಿದ ಮೊದಲ ಬೇಕು ಅದು. ನನಗೆ ಹೇಳಲಾರದಷ್ಟು ಸಂತೋಷವಾಯಿತು. ಅಣ್ಣನ ವಿಷಯ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಉಳಿಸಿಕೊಳ್ಳುವುದು ಕಷ್ಟವೇ ಆಯಿತು, ಏಕೆಂದರೆ ಅಣ್ಣ ದಿನಾ ಗೆಲ್ಲುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಮಾಲೂರಿನ ಗೆಳೆಯನಿಗೂ ಫೋನಿನಲ್ಲಿ ಹೇಳಿದ್ದನಂತೆ. ಆ ಗೆಳೆಯ ಚಳಿಗಾಲದಲ್ಲಿ ಒಂದು ಭಾನುವಾರ ಊಟಕ್ಕೆ ಬಂದ. ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು. ಒಳ್ಳೆಯ ಮನುಷ್ಯ, ಮಾತುಗಾರ, ಬರುವಾಗ ಹೊಸ ಕ್ಯಾಸೆಟ್ ಒಂದನ್ನು ತಂದಿದ್ದ. ಊಟವಾದ ಮೇಲೆ ಇಬ್ಬರೂ ಆಡಲು ಕೂತರು. ಅವನು ಅಂಗಡಿಯಲ್ಲಿ ಗಿರಾಕಿಯಿಲ್ಲದ ಹೊತ್ತೆಲ್ಲ ಇದೇ ಆಟ ಆಡುವವನು. ಅಣ್ಣನನ್ನು ನಾಲ್ಕು ಸಲ ಸೋಲಿಸಿದ. ನಾಲ್ಕನೆಯದರಲ್ಲಿ ಅಣ್ಣನಿಗೆ ಒಂದು ಏಟು ಹಾಕಲೂ ಬಿಡಲಿಲ್ಲ. ನಾನು ಕೂತೆ. ಒಂದು ರೌಂಡು ಗೆದ್ದು ಎರಡು ಸೋತೆ. ಅಣ್ಣನ ಮುಖ ಸಣ್ಣದಾಗಿತ್ತು. ಗೆಳೆಯ ತಮಾಷೆಗೆ, ದಿನಾ ಗೆಲ್ತೀನಿ ಅಂದ್ಯಲ್ಲೋ, ಯಾರ ಹತ್ರ ಗೆಲ್ತೀಯ ಎಂದ. ಅಣ್ಣ ಒಮ್ಮೆ ಅತ್ತಿಗೆಯ ಕಡೆ ನೋಡಿ ತಲೆ ತಗ್ಗಿಸಿದ.

ಅತ್ತಿಗೆ ಬಾಗಿಲ ಹತ್ತಿರ ವೀಳ್ಯದೆಲೆಯ ತಟ್ಟೆ ಹಿಡಿದು ನಿಂತಿದ್ದರು. ನಾನು ರಿಮೋಟನ್ನು ಅವರ ಕಡೆ ಚಾಚಿದೆ. ಆಡುತ್ತೀರಾ ಎಂದೆ. ಬಹಳ ಹೊತ್ತು ತಡೆದು, "ಆಗ್ಲಿ" ಎಂದರು. ಅಡುಗೆಮನೆಯಲ್ಲಿ ಅಮ್ಮ ಮಾಡುತ್ತಿದ್ದ ಕೆಲಸದ ಸದ್ದು ನಿಂತಿತು.

ಮೊದಲನೇ ರೌಂಡು ಡುಮ್ಮ ಹೊಡೆತ ತಿನ್ನುತ್ತಾ ನಿಂತಿದ್ದ. ಗೆಳೆಯ, ಸಿಸ್ಟರ್, ಹಿಂದಕ್ಕೆ ಒತ್ತಿ ಎಂದು ಹೇಳಿಕೊಡುತ್ತಾ ಗೆದ್ದ. ನನಗೆ ನಡೆಯುತ್ತಿರುವುದೇನೆಂದು ಗೊತ್ತಿತ್ತು. ಅತ್ತಿಗೆ ಕೋತಿಯನ್ನು ನೋಡುತ್ತಿದ್ದರು. ಎರಡನೇ ರೌಂಡಿನಲ್ಲಿ ಅವನು ಎರಡು ಸಲ ಹಾರಿದ, ಎರಡು ಸಲವೂ ಇಳಿಯುವ ಜಾಗದಲ್ಲಿ ಡುಮ್ಮನ ಕಾಲಿತ್ತು. ಅವನು ಹಾರುವುದನ್ನು ಬಿಟ್ಟು ನಡೆದು ಬಂದ. ಅತ್ತಿಗೆ "ರಾ, ರಾ" ಎಂದು ತೆಲುಗಿನಲ್ಲಿ ಅವನನ್ನು ಹತ್ತಿರ ಕರೆಯುವ ಹಾಗೆ ತಮ್ಮಷ್ಟಕ್ಕೇ ಅನ್ನುತ್ತಿದ್ದರು. ಬಳೆ ನಿಂತಿತು, ಅವನು ಬಿದ್ದ. ಎದ್ದ, ಮತ್ತೆ ಬಿದ್ದ. ಮೂರನೇ ರೌಂಡು ಮುಗಿದಾಗ ಡುಮ್ಮನ ಲೈಫ್ ತೋರಿಸುವ ಪಟ್ಟಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಗೆಳೆಯ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಸರಿ ಇದೆಯೋ ಇಲ್ಲವೋ ಎಂದ. ಪೇಪರ್ ಹಿಂದಿನಿಂದ ಅಪ್ಪ, ಸರಿಯಾಗೇ ಇದೆ ಎಂದರು.

ಅಣ್ಣ ಟಿವಿ ನೋಡುತ್ತಿರಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದ.

ಗೆಳೆಯನನ್ನು ಬಸ್ ಹತ್ತಿಸಿ ಬಂದವನು ಸ್ವಲ್ಪ ಹೊತ್ತು ಜಗಲಿಯ ಮೇಲೆ ಒಬ್ಬನೇ ಕೂತಿದ್ದ. ಕೋಪ ಬಂದಿದೆ ಎಂದುಕೊಂಡು ಅತ್ತಿಗೆ ಹೆದರಿದ್ದರು, ನಾನೂ ಹೆದರಿದ್ದೆ. ಒಳಗೆ ಬಂದು, ಯಾವತ್ತಿನಿಂದ ಎಂದು ಕೇಳಿದ. ಅತ್ತಿಗೆ ನೆಲ ನೋಡಿಕೊಂಡು, ಶುರುವಿನಿಂದ ಎಂದರು. ಅವನು ಟಿವಿ ಹಾಕಿ, ಕ್ಯಾಸೆಟ್ಟಿಗೆ ಊದಿ, ಒಂದು ರಿಮೋಟ್ ಅವರ ಕೈಗೆ ಕೊಟ್ಟ.

"ಇನ್ಮೇಲೆ ನಿಜವಾಗಿ ಆಡು ಕಣೇ. ಸೋತ್ರೆ ಸೋತೆ."

ಆ ಸಂಜೆ ಒಂಬತ್ತು ಆಟ ಸೋತ. ಮಾರನೇ ದಿನ ಆರು. ಕೋಪ ಮಾಡಿಕೊಳ್ಳಲಿಲ್ಲ, ಆದರೆ ಹಟ ಹಿಡಿದ. ಊಟ ಮಾಡುವಾಗ, ಹಲ್ಲು ಉಜ್ಜುವಾಗ ಅತ್ತಿಗೆಯನ್ನು ಗಮನಿಸುತ್ತಿದ್ದ. ಯಾರಿಗೂ ಹೇಳಬೇಡ ಎಂದು ನನ್ನ ಹತ್ತಿರ ಬಂದು, ಏನಾದರೂ ಸುಳಿವು ಕೊಡು ಎಂದು ಪೀಡಿಸಿದ. ನಾನು ಬಳೆಯ ವಿಷಯ ಹೇಳಲಿಲ್ಲ. ನೀನೇ ಕಂಡುಕೊ ಎಂದೆ. ಹೀಗೆ ನೋಡನೋಡುತ್ತಾ ಅವನಿಗೆ ಬೇರೆ ಎಷ್ಟೋ ಸಂಗತಿಗಳು ಗೊತ್ತಾದವು. ಅವಳಿಗೆ ಬಲಗಿವಿಯ ಓಲೆ ಚುಚ್ಚುತ್ತೆ ಕಣೇ, ಹೇಳಿಲ್ಲ ನೋಡು ಎಂದು ಒಂದು ದಿನ ನನಗೆ ಬಂದು ಹೇಳಿದ. ಕೋಲಾರಕ್ಕೆ ಸಾಮಾನು ತರಲು ಹೋದವನು ಬೇರೆ ಓಲೆ ತಂದ.

ಅವನು ಮೊದಲನೇ ಸಲ ಗೆದ್ದದ್ದು ಯುಗಾದಿ ಕಳೆದ ಮೇಲೆ. ಸಂಜೆ ಏಳೂವರೆಯ ಹೊತ್ತು. ಒಂದೊಂದು ರೌಂಡು ಇಬ್ಬರಿಗೂ ಆಗಿತ್ತು. ಮೂರನೆಯದರಲ್ಲಿ ಅಣ್ಣನ ಆಳು ನೆಲಕ್ಕೆ ಬಿದ್ದ. ಇನ್ನೊಂದು ಏಟು ಬಿದ್ದರೆ ಮುಗಿಯಿತು. ಡುಮ್ಮ ಒಂದು ಹೆಜ್ಜೆ ಮುಂದೆ ಬಂದ. ಅಣ್ಣ ಏಳುತ್ತಲೇ ಡುಮ್ಮನನ್ನು ಹಿಡಿದು ಎತ್ತಿ ಹಿಂದಕ್ಕೆ ಎಸೆದ, ಮತ್ತೆ ಎಸೆದ, ಆಟ ಮುಗಿಯಿತು.

ಅಣ್ಣ ನನ್ನ ಕಡೆ ತಿರುಗಿದ. "ನಿಜ ಹೇಳು. ಗೆದ್ನಾ, ಬಿಟ್ಕೊಟ್ಳಾ?"

ನಾನು ಅತ್ತಿಗೆಯನ್ನು ನೋಡಿದೆ. ಆ ಸಣ್ಣ ನಗು ಮುಖದ ಮೇಲೆ ಇರಲಿಲ್ಲ. ಹುಬ್ಬು ಗಂಟಿಕ್ಕಿತ್ತು, ಕೆಳತುಟಿ ಕಚ್ಚಿಕೊಂಡಿದ್ದರು. ನೀನು ನಿಜವಾಗಿಯೇ ಗೆದ್ದೆ ಎಂದೆ. ಎದುರಿನವರನ್ನು ಕೆಡವಿದ ಮೇಲೆ ಅವಳು ಯಾವಾಗಲೂ ಒಂದು ಹೆಜ್ಜೆ ಮುಂದೆ ಬರುತ್ತಾಳೆ ಎಂದು ಅಣ್ಣ ಆಗ ಹೇಳಿದ. ಎರಡು ತಿಂಗಳಿನಿಂದ ನೋಡಿಟ್ಟುಕೊಂಡಿದ್ದನಂತೆ. ಅಷ್ಟು ಮಧ್ಯಾಹ್ನಗಳು ಪಕ್ಕದಲ್ಲೇ ಕೂತಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅತ್ತಿಗೆ ಅವನ ಮೊಣಕೈ ಹಿಡಿದು ಎಳೆದು, "ಇನ್ನೊಂದು ಆಡ್ಬೇಕು, ಕೂತ್ಕೊಳ್ಳಿ," ಎಂದರು. ಥಟ್ಟನೆ, ಬೇಕು ಎನ್ನಲು ಈ ಸಲ ಒಂದು ಚೂರೂ ತಡೆಯದೆ. ಅವನು ಕೂತ. ಅಷ್ಟರಲ್ಲಿ ಕರೆಂಟು ಹೋಯಿತು. ಅಮ್ಮ ದೀಪ ತಂದಿಟ್ಟು ಊಟಕ್ಕೆ ಏಳಿ ಎಂದು ಎರಡು ಸಲ ಕರೆದಳು. ಇಬ್ಬರೂ ಏಳಲಿಲ್ಲ. ರಿಮೋಟು ಕೈಯಲ್ಲೇ ಹಿಡಿದು, ಕತ್ತಲೆಯ ಟಿವಿಯ ಮುಂದೆ, ಕರೆಂಟು ಬರುವವರೆಗೂ ಕೂತೇ ಇದ್ದರು.